ಶೋಕಿ ದೀಪಗಳ ಸಂಸಾರ

ಸೊರಬದ ಕಡೆ ಶುಂಠಿಗೆ ಯಾವ ವರ್ಷ ರೇಟು ಬಂದಿತ್ತು ಎಂದು ತಿಳಿಯಲು ಲೆಕ್ಕದ ಪುಸ್ತಕ ತೆಗೆಯಬೇಕಿಲ್ಲ. ಯಾರದಾದರೂ ಮನೆಗೆ ಹೋಗಿ ಜಗುಲಿಯಲ್ಲಿ ಕೂತು ಗೋಡೆ ನೋಡಿದರೆ ಸಾಕು. ರೇಟು ಬಂದ ವರ್ಷ ಟ್ರ್ಯಾಕ್ಟರಿನ ಸಾಲ ತೀರುತ್ತದೆ, ಬೋರಿಗೆ ಹೊಸ ಮೋಟರು ಬರುತ್ತದೆ, ಮಗಳ ಕಿವಿಗೊಂದು ಜೊತೆ ಓಲೆಯೂ ಆಗುತ್ತದೆ. ಇಷ್ಟೆಲ್ಲ ಆದ ಮೇಲೆ ಶಿರಾಳಕೊಪ್ಪದ ಸಂತೆಯಿಂದಲೋ, ಶಿಕಾರಿಪುರದ ಹುಚ್ಚರಾಯಸ್ವಾಮಿ ಜಾತ್ರೆಯ ಅಂಗಡಿಸಾಲಿನಿಂದಲೋ ಇನ್ನೊಂದು ವಸ್ತು ಮನೆ ಸೇರುತ್ತದೆ. ಅದು ಯಾಕೆ ಬಂತು ಎಂದು ತಂದವರೇ ಹೇಳಲಾರರು. ಗಂಟೆಗೊಂದು ರಾಗ ಹಾಡುವ ಗಡಿಯಾರ, ಚಪ್ಪಾಳೆ ತಟ್ಟಿದರೆ ಹತ್ತುವ ದೀಪ, ತಲೆಯ ಮೇಲಿಂದ ನೀರು ಸುರಿಸಿಕೊಳ್ಳುತ್ತ ಬಣ್ಣ ಬದಲಿಸುವ ಬುದ್ಧ. ಅಡಿಕೆ ಸಿಪ್ಪೆಗೂ ಚೌಕಾಸಿ ಮಾಡುವ ನನ್ನ ಭಾವನಂಥವರು ಈ ಒಂದು ಕಡೆ ಮಾತ್ರ ಹೇಳಿದಷ್ಟು ದುಡ್ಡು ಎಣಿಸಿ ಕೊಟ್ಟು ಬರುತ್ತಾರೆ.

ಅಕ್ಕನ ಮನೆಗೆ ಹಾಗೆ ಬಂದದ್ದು ಜಲಪಾತದ ಪಟ. ನೀವೂ ನೋಡಿರುತ್ತೀರಿ, ಖಾನಾವಳಿಗಳಲ್ಲಿ, ಕಟಿಂಗ್ ಶಾಪುಗಳಲ್ಲಿ ಒಂದು ಕಾಲಕ್ಕೆ ಅದು ಇಲ್ಲದ ಗೋಡೆ ಇರಲಿಲ್ಲ. ಸ್ವಿಚ್ ಒತ್ತಿದರೆ ಪಟದ ಹಿಂದೆ ದೀಪ ಹತ್ತುತ್ತದೆ, ಬಂಡೆಗಳ ನಡುವಿಂದ ನೀರು ಧುಮುಕತೊಡಗುತ್ತದೆ, ಎಲ್ಲಿಂದಲೋ ಒಂದು ಹಕ್ಕಿ ಕೂಗುತ್ತದೆ. ಹಕ್ಕಿಗೆ ಬರುವುದು ಒಂದೇ ಕೂಗು. ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಬೆರಳುದ್ದದ ಮೋಟರು, ಅದು ಸುತ್ತಿಸುವ ಗೆರೆಗೆರೆಯ ಪ್ಲಾಸ್ಟಿಕ್ ಹಾಳೆ. ಚಿತ್ರದಲ್ಲಿ ನೀರಿರುವ ಜಾಗದಿಂದ ಮಾತ್ರ ಬೆಳಕು ಹೊರಬರುವಂತೆ ಮಾಡಿರುತ್ತಾರೆ. ಹಿಂದಿನ ಗೆರೆಗಳು ಸರಿದಂತೆಲ್ಲ ನಮ್ಮ ಕಣ್ಣು ತಾನೇ ಮೋಸಹೋಗಿ, ನೀರು ಇಳಿಯಿತು ಎಂದುಕೊಳ್ಳುತ್ತದೆ.

ಇದರಲ್ಲಿ ತಮಾಷೆ ಏನೆಂದರೆ, ಅಕ್ಕನ ಮನೆಯಿಂದ ಸಾಗರದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದರೆ ಜೋಗ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಅಲ್ಲೇ 253 ಮೀಟರ್ ಆಳಕ್ಕೆ ಬೀಳುತ್ತಿವೆ. ಬೀಳುತ್ತಿವೆ ಎಂದೆ, ಮಳೆಗಾಲದಲ್ಲಿ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, ಮರುವರ್ಷ ಅದಕ್ಕೆ ಮಹಾತ್ಮ ಗಾಂಧಿಯ ಹೆಸರಿಟ್ಟರು, 1964ರಲ್ಲಿ ಮೇಲುಗಡೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿಯ ನೀರು ಬಂಡೆಯ ಮೇಲೆ ಧುಮುಕುವುದನ್ನು ಬಿಟ್ಟು ಕೊಳವೆಯೊಳಗೆ ಇಳಿದು ಕರೆಂಟಾಗತೊಡಗಿತು. ಎಲ್ಲೆಲ್ಲಿಯದೋ ಕರೆಂಟು ಒಂದೇ ತಂತಿಯಲ್ಲಿ ಬರುವಾಗ ಅಕ್ಕನ ಮನೆಗೆ ಬಂದದ್ದು ಶರಾವತಿಯದೇ ಎಂದು ಗೆರೆ ಎಳೆದು ಹೇಳಲಾಗದು. ಆದರೂ ನನಗೆ ಹಾಗೇ ಅನಿಸುತ್ತದೆ: ನಿಜದ ಜಲಪಾತವನ್ನು ಒಣಗಿಸಿ, ಆ ಕರೆಂಟಿನಲ್ಲಿ ಪ್ಲಾಸ್ಟಿಕ್ ಜಲಪಾತ ಓಡಿಸುತ್ತಿದ್ದೇವೆ. ಹಿನ್ನೀರಿಗೆ ಮನೆ ಗದ್ದೆ ಬಿಟ್ಟು ಎದ್ದುಬಂದವರಲ್ಲಿ ಎಷ್ಟೋ ಮಂದಿ ಆಮೇಲೂ ವರ್ಷಗಟ್ಟಲೆ ಚಿಮಣಿ ಬುಡ್ಡಿಯಲ್ಲೇ ರಾತ್ರಿ ಕಳೆದರು. ಅವರ ಮುಂದೆ ಈ ಪಟದ ಸ್ವಿಚ್ ಒತ್ತಲು ನನಗಂತೂ ಕೈ ಬರುವುದಿಲ್ಲ.

ಭಾವನಿಗೆ ಇಂಥ ಮುಜುಗರವಿಲ್ಲ. "ಜೋಗಕ್ಕೆ ಹೋದ್ರೆ ಎಂತ ಕಾಣ್ತದೆ? ಮಂಜು! ಅರ್ಧ ದಿನ ಛತ್ರಿ ಹಿಡ್ಕಂಡು ನಿಂತ್ರೂ ಬಿಳೀದೇ ಬಿಳೀದು. ಇದ್ರಲ್ಲಿ ಮಂಜಿಲ್ಲ ನೋಡು ಮಾರಾಯ" ಎನ್ನುತ್ತಾರೆ.

ಪೇಟೆಯವರು ಈಗ ಮೂಡ್ ಲೈಟಿಂಗ್ ಎಂದು ಕರೆಯುವುದು ನಮ್ಮ ಮನೆಗಳಿಗೆ ಜೀರೊ ಬಲ್ಬಿನ ವೇಷದಲ್ಲಿ ಯಾವತ್ತೋ ಬಂದುಹೋಗಿದೆ. ನಾನು ಹುಟ್ಟಿ ಬೆಳೆದದ್ದು ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದ ಆಚೆ. ನಮ್ಮಲ್ಲಿ ಕೆಂಪು ಜೀರೊ ದೇವರ ಗೂಡಿಗೆ, ನೀಲಿಯದು ಮಲಗುವ ಕೋಣೆಗೆ, ಹಸಿರು ಯಾರಿಗೂ ಬೇಡವಾದ್ದರಿಂದ ಬಚ್ಚಲಿಗೆ. ಆ ಹಸಿರು ಬೆಳಕಿನಲ್ಲಿ ಹಂಡೆಯ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತ ಅಜ್ಜನನ್ನು ಕಂಡು ಬೇಸಿಗೆ ರಜೆಗೆ ಬಂದ ಮಕ್ಕಳು ಕಿಟಾರನೆ ಕಿರುಚಿದ್ದುಂಟು. ಅಜ್ಜ ಮಾತ್ರ ಅದನ್ನು ಆರಿಸಗೊಡುತ್ತಿರಲಿಲ್ಲ. ಜೀರೊ ಎಂದ ಮೇಲೆ ಅದು ಕರೆಂಟು ತಿನ್ನುವುದೇ ಇಲ್ಲ ಎಂಬುದು ಅವರ ಲೆಕ್ಕ. ನಿಜಕ್ಕೂ ಅದು 10ರಿಂದ 15 ವ್ಯಾಟ್ ತಿನ್ನುತ್ತಿತ್ತು. 15 ವ್ಯಾಟಿನದು ರಾತ್ರಿ 10 ಗಂಟೆ ಉರಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಇದನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದರೆ, "ಹಂಗಾದ್ರೆ ಜೀರೊ ಅಂತ ಯಾಕೆ ಬರೀತಾರೆ? ಅವ್ರೇನು ಓದ್ದೆ ಇರೋರ?" ಎಂದು ನನ್ನ ಬಾಯಿ ಮುಚ್ಚಿಸಿದರು. ಈಗ ಅಜ್ಜ ಇದ್ದಿದ್ದರೆ ಗೆದ್ದೆ ಎನ್ನುತ್ತಿದ್ದರು. 2023ರ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಒಳಗೆ ಇರುವ ಎಷ್ಟೋ ಮನೆಗಳ ಬಿಲ್ಲೇ ಜೀರೊ.

ಆದರೆ ಇವೆಲ್ಲ ದುಡ್ಡು ಕೊಟ್ಟು ತಂದವು. ಕೈಯಾರೆ ಮಾಡಿಕೊಂಡ ಕೆಲಸಕ್ಕೆ ಬಾರದ ಯಂತ್ರದ ರುಚಿಯೇ ಬೇರೆ. ನಮ್ಮ ಕಾಲದ ಹುಡುಗರಿಗೆ ಹೋಮ್ ಥಿಯೇಟರ್ ಎಂದರೆ ಬಲ್ಬಿನ ಸಿನಿಮಾ. ಫ್ಯೂಸ್ ಹೋದ ಬಲ್ಬೊಂದನ್ನು ಹುಡುಕಿ, ಅದರ ತಳದ ಕರಿ ಅರಗನ್ನು ಮೊಳೆಯಿಂದ ಮೆಲ್ಲಗೆ ಕುಟ್ಟಿ ತೆಗೆದು, ಒಳಗಿನ ಗಾಜಿನ ಕಡ್ಡಿ ಮುರಿದು, ತಂತಿಯನ್ನು ಹೊರಗೆಳೆಯಬೇಕು. ಹೆಚ್ಚಿನ ಬಲ್ಬುಗಳು ಇಷ್ಟು ಹೊತ್ತಿಗೆ ಕೈಯಲ್ಲೇ ಒಡೆದು ಮನೆಯಲ್ಲಿ ಬೈಗುಳ ತಿನ್ನಿಸಿರುತ್ತಿದ್ದವು. ಉಳಿದುಬಂದ ಪುಣ್ಯಾತ್ಮ ಬಲ್ಬಿಗೆ ಬಾವಿಯ ತಿಳಿನೀರು ತುಂಬಿಸಿದರೆ ಅದೇ ಮಸೂರ. ಚಪ್ಪಲಿ ಡಬ್ಬಿಗೆ ತೂತು ಕೊರೆದು ಅದನ್ನು ಕೂರಿಸಿ, ಬಲ್ಬಿನಿಂದ ಎರಡು ಬೆರಳು ದೂರದಲ್ಲಿ ಸಿನಿಮಾ ರೀಲಿನ ತುಂಡು ಹಿಡಿಯುವುದು. ಭತ್ತದ ಪಣತದ ಹಿಂದಿನ ಕತ್ತಲೆ ಕೋಣೆಯೇ ಟಾಕೀಸು, ಅಜ್ಜನ ಪಂಚೆಯೇ ಪರದೆ. ಬೆಳಕಿಗೆ ಸೂರ್ಯನೇ ಗತಿ. ಅಂಗಳದಲ್ಲಿ ಒಬ್ಬರು ಅಪ್ಪನ ಗಡ್ಡ ಕೆರೆಯುವ ಕನ್ನಡಿ ಹಿಡಿದು, ಬಿಸಿಲನ್ನು ಬಾಗಿಲ ಸಂದಿಯಿಂದ ಒಳಗೆ ಡಬ್ಬಿಯೊಳಕ್ಕೆ ಬಿಡಬೇಕು. ಎಲ್ಲ ಕೂಡಿಬಂದರೆ ಪಂಚೆಯ ಮೇಲೆ ರಾಜ್‌ಕುಮಾರ್ ಮೂಡುತ್ತಿದ್ದರು, ತಲೆಕೆಳಗಾಗಿ. ಮಸೂರದ ಗುಣವೇ ಅದು ಎಂದು ಮೇಷ್ಟ್ರು ಹೇಳಿಕೊಡುವುದಕ್ಕೆ ಎಷ್ಟೋ ಮುಂಚೆ, ರೀಲನ್ನೇ ತಿರುಗಿಸಿ ಹಿಡಿಯುವ ಉಪಾಯ ನಮಗೆ ಗೊತ್ತಿತ್ತು.

ರೀಲಿನ ತುಂಡುಗಳು ಟೆಂಟ್ ಸಿನಿಮಾದವರು ಎಸೆದವು. ಕೈಯಿಂದ ಕೈಗೆ ದಾಟಿ ನಮ್ಮವರೆಗೆ ಬರುವಾಗ ಅವಕ್ಕೊಂದು ಮಾರುಕಟ್ಟೆಯೇ ಹುಟ್ಟಿಕೊಂಡಿತ್ತು. ಕತ್ತಿ ಹಿಡಿದ ರಾಜ್‌ಕುಮಾರ್ ಒಬ್ಬನಿಗೆ ಹತ್ತು ಗೋಲಿ, ನರಸಿಂಹರಾಜುವಿಗೆ ನಾಲ್ಕು. ಬರೀ ಗುಡ್ಡ ಮರ ಇದ್ದ ತುಂಡನ್ನು ಕೇಳುವವರಿಲ್ಲ, ಗುಡ್ಡ ಮರ ನಮ್ಮ ಕಡೆ ಯಾರಿಗೆ ಬೇಕು? ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ಹಾಗಾಗಿ ನಮ್ಮ ಕೈಯಲ್ಲಿದ್ದದ್ದು ಒಂದು ಸೆಕೆಂಡಿನ ಇಪ್ಪತ್ನಾಲ್ಕನೇ ಒಂದು ಪಾಲಿನ ಸಿನಿಮಾ. ಅಷ್ಟನ್ನೇ ಇಟ್ಟುಕೊಂಡು ಇಡೀ ಮಧ್ಯಾಹ್ನದ ಆಟ ನಡೆಯುತ್ತಿತ್ತು. ಒಬ್ಬ ಡೈಲಾಗು ಹೇಳುವವನು, ಒಬ್ಬ ತಟ್ಟೆ ಬಡಿದು ಕತ್ತಿಯ ಸದ್ದು ಮಾಡುವವನು, ಮೋಡ ಬಂದು ಚಿತ್ರ ಅಳಿಸಿದಾಗ ದುಡ್ಡು ವಾಪಸ್ ಕೊಡಿ ಎಂದು ಕೂಗುವುದಕ್ಕೇ ಇಬ್ಬರು. ಮೇ ತಿಂಗಳು ಮುಗಿದು ಮಳೆ ಹಿಡಿದರೆ ಟಾಕೀಸು ಬಂದ್.

ಇದರಲ್ಲೊಂದು ಅನ್ಯಾಯವಿತ್ತು. ಕನ್ನಡಿ ಹಿಡಿದವರಿಗೆ ಸಿನಿಮಾ ಇಲ್ಲ. ಅವರು ಹೊರಗೆ ಬಿಸಿಲಲ್ಲಿ ಒಣಗಬೇಕು, ಸೂರ್ಯ ಸರಿದಂತೆ ಕನ್ನಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿರಬೇಕು, ಒಳಗಿನ ಶಿಳ್ಳೆ ಕೇಳಿ ಏನಾಯಿತೆಂದು ಊಹಿಸಬೇಕು. ಸರದಿ ಪ್ರಕಾರ ಎಂದು ಮಾತಾಗಿದ್ದರೂ ಆ ಕೆಲಸ ಹೆಚ್ಚಾಗಿ ಬೀಳುತ್ತಿದ್ದುದು ಅಕ್ಕನ ಪಾಲಿಗೆ. ಅವಳ ಕೈ ಅಲುಗುವುದಿಲ್ಲ ಎಂಬ ಹೊಗಳಿಕೆ ನೆಪಕ್ಕೆ. ಇವತ್ತು ಸೊರಬದ ಅವಳ ಮನೆಯಲ್ಲಿ ಎಷ್ಟು ದೀಪಗಳಿವೆಯೋ ಅಷ್ಟೂ ರಿಮೋಟುಗಳು ಅವಳ ಸೊಂಟದಲ್ಲಿರುತ್ತವೆ, ಭಾವನಿಗೂ ಕೊಡುವುದಿಲ್ಲ. ನಾನು ಕೇಳುವ ಧೈರ್ಯ ಮಾಡಿಲ್ಲ.

ಚಿಕ್ಕಪ್ಪನ ಹುಚ್ಚು ಬೆಳಕಿನದಲ್ಲ, ಸದ್ದಿನದು. ಶಿಕಾರಿಪುರದ ರೇಡಿಯೊ ರಿಪೇರಿಯವರೊಬ್ಬರ ಹತ್ತಿರ ಆಂಪ್ಲಿಫೈಯರ್ ಅಸೆಂಬಲ್ ಮಾಡಿಸಿ ತಂದರು. ಅದರ ಮುಂಭಾಗದಲ್ಲಿ ಹತ್ತು ಸಣ್ಣ ದೀಪಗಳ ಸಾಲು. ಹಾಡು ಜೋರಾದಂತೆ ಒಂದೊಂದೇ ಮೇಲೇರಿ ಕೊನೆಯ ಎರಡು ಕೆಂಪಾಗುತ್ತವೆ. ಎಲ್‌ಎಂ 3915 ಎಂಬ ಒಂದು ಚಿಪ್ಪಿನ ಕರಾಮತ್ತು ಅದು. ಹಾಡಿಗೆ ಅದರಿಂದ ನಯಾಪೈಸೆಯ ಉಪಕಾರವಿಲ್ಲ, ಆದರೆ ಊರವರು ಹಾಡು ಕೇಳಲು ಬರುತ್ತಿರಲಿಲ್ಲ, ನೋಡಲು ಬರುತ್ತಿದ್ದರು. ಬೇಸ್ ಸಾಲದು ಎಂದು ಚಿಕ್ಕಪ್ಪನಿಗೆ ಕೊರಗು. ಯಾರೋ ಹೇಳಿದರೆಂದು ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಬೋರಲು ಹಾಕಿದರು. ಮಡಕೆಯೊಳಗಿನ ಗಾಳಿಗೆ ತನ್ನದೇ ಒಂದು ಶ್ರುತಿಯಿರುತ್ತದೆ. ಅದಕ್ಕೆ ಹೊಂದುವ ತಗ್ಗಿನ ಸ್ವರ ಬಂದಾಗಲೆಲ್ಲ ಅದು ಸದ್ದನ್ನು ಉಬ್ಬಿಸಿ ಕೊಡುತ್ತದೆ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ 19ನೇ ಶತಮಾನದಲ್ಲಿ ಲೋಹದ ಬುರುಡೆಗಳನ್ನು ಇಟ್ಟುಕೊಂಡು ಈ ಗುಣವನ್ನು ಅಳೆದವನು. ಚಿಕ್ಕಪ್ಪನಿಗೆ ಅವನ ಹೆಸರು ಗೊತ್ತಿರಲಿಲ್ಲ, ಕುಂಬಾರರ ಓಣಿ ಗೊತ್ತಿತ್ತು. ದೊಡ್ಡ ಮಡಕೆ, ಸಣ್ಣ ಮಡಕೆ, ಕುತ್ತಿಗೆ ಉದ್ದದ್ದು ಎಂದು ತಂದು ತಂದು ಜೋಡಿಸಿದರು. ತಾನು ಮಜ್ಜಿಗೆಗೆಂದು ಪಳಗಿಸಿಟ್ಟ ಮಡಕೆಗೂ ಆ ಗತಿ ಬಂದ ದಿನ ಅಜ್ಜಿ ಅಡುಗೆಮನೆಯಿಂದ ಬಂದು ಸ್ವಲ್ಪ ಹೊತ್ತು ಕಿವಿಗೊಟ್ಟು, "ಹಾಡ್ತಿರೋನಿಗೆ ಮಜ್ಜಿಗೆ ಕುಡಿದು ನೆಗಡಿ ಆಗೈತೇನೋ" ಎಂದಳು. ವಿಮರ್ಶೆ ಸರಿಯಾಗಿತ್ತು. ಮಡಕೆ ಎಲ್ಲರ ದನಿಯನ್ನೂ ಮೂಗಿನಿಂದ ಹೊರಡಿಸುತ್ತಿತ್ತು.

ಇಂಥದಕ್ಕೆಲ್ಲ ದುಡ್ಡು ಸುರಿಯುವುದು ಈಗಿನವರ ಚಾಳಿ ಎನ್ನುವವರಿದ್ದಾರೆ. ಶಿರಾಳಕೊಪ್ಪದ ಮಗ್ಗುಲಿಗೇ ಬಳ್ಳಿಗಾವೆ ಇದೆ. ಅಲ್ಲಿನ ಶಾಸನಗಳಲ್ಲಿ ದೇವರ ಅಂಗಭೋಗ, ರಂಗಭೋಗಕ್ಕೆಂದು ಗದ್ದೆ ಬಿಟ್ಟವರ ಲೆಕ್ಕವಿದೆ. ಎಂದರೆ ಗಂಧ, ಹೂವು, ದೀಪ, ಹಾಡು, ಕುಣಿತ. ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಡೆಯವರು ದೇವರ ಹೋಮ್ ಎಂಟರ್‌ಟೇನ್‌ಮೆಂಟಿಗೆ ಜಮೀನನ್ನೇ ಬರೆದುಕೊಟ್ಟಿರುವಾಗ ಭಾವನ ಜಲಪಾತದ ಪಟಕ್ಕೆ ನಾವು ಯಾಕೆ ಮೂಗು ಮುರಿಯಬೇಕು? ದೀಪಾವಳಿ ಆದ ಮೇಲೆ ಹೋರಿ ಹಬ್ಬಕ್ಕೆ ಶಿಕಾರಿಪುರದ ಕಡೆ ಹೋರಿಗಳನ್ನು ಸಿಂಗರಿಸುವುದನ್ನು ನೋಡಿ. ಕೊಬ್ಬರಿ ಹಾರ, ಬಲೂನು, ರಿಬ್ಬನ್ನು, ಜೂಲ. ಓಡಿದ ಕೆಲವೇ ಗಳಿಗೆಯಲ್ಲಿ ಎಲ್ಲ ಚಿಂದಿ.

ನನ್ನ ತಕರಾರು ಬೇರೆ. ನಮ್ಮ ಹೆಂಗಸರು ಗಂಡಸರು ಯಾವ ವಸ್ತುವನ್ನೂ ಬಹಳ ದಿನ ಕೆಲಸಕ್ಕೆ ಬಾರದಂತೆ ಇರಗೊಡುವುದಿಲ್ಲ. ಬಂದ ಹೊಸದರಲ್ಲಿ ಅದಕ್ಕೆ ಜಗುಲಿಯ ಮರ್ಯಾದೆ. ವರ್ಷ ತಿರುಗುವುದರೊಳಗೆ ಅದನ್ನು ಯಾವುದಾದರೊಂದು ನೊಗಕ್ಕೆ ಹೂಡಿರುತ್ತಾರೆ.

ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ಬರುವಾಗಲೆಲ್ಲ ಒಂದು ಶೋಕಿ ವಸ್ತು ಹಿಡಿದೇ ಬರುವುದು. ಹಾಗೆ ಬಂದದ್ದು ಲಾವಾ ಲ್ಯಾಂಪ್. ಉದ್ದನೆಯ ಗಾಜಿನ ಸೀಸೆಯೊಳಗೆ ಬಣ್ಣದ ದ್ರವ, ತಳದಲ್ಲಿ ಮೇಣ, ಅದರ ಕೆಳಗೆ ಬಲ್ಬು. ಬಿಸಿಯಾದ ಮೇಣ ಹಿಗ್ಗಿ ಹಗುರವಾಗಿ ಮುದ್ದೆಮುದ್ದೆಯಾಗಿ ಮೇಲೇಳುತ್ತದೆ, ಮೇಲೆ ತಣಿದು ಕೆಳಗಿಳಿಯುತ್ತದೆ, ಮತ್ತೆ ಏಳುತ್ತದೆ. ಎಡ್ವರ್ಡ್ ಕ್ರೇವನ್ ವಾಕರ್ ಎಂಬ ಇಂಗ್ಲೆಂಡಿನವನು 1963ರಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟ. ಪಬ್ಬೊಂದರಲ್ಲಿ ಮೊಟ್ಟೆ ಬೇಯುವ ಹೊತ್ತು ಅಳೆಯಲು ಇಟ್ಟಿದ್ದ ಸಾಧನ ನೋಡಿ ಅವನಿಗೆ ಇದು ಹೊಳೆಯಿತಂತೆ. ಮೇಣ ಏಳಲು ಗಂಟೆಗಟ್ಟಲೆ ಕಾಯಬೇಕು. ಸೊರಬದ ಮಳೆಗಾಲದಲ್ಲಿ ಅಷ್ಟು ಹೊತ್ತು ಒಂದೇ ಸಮ ಕರೆಂಟು ಇರಬೇಕಲ್ಲ! ಮೇಣ ಇನ್ನೇನು ತಲೆ ಎತ್ತಬೇಕು, ಅಷ್ಟರಲ್ಲಿ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತದೆ. ಮನೆಮಂದಿಯೆಲ್ಲ ಕತ್ತಲಲ್ಲಿ ಕೂತು, ಅರ್ಧ ಎದ್ದ ಮೇಣ ಮತ್ತೆ ಮಲಗಿರಬಹುದೆಂದು ಮಾತಾಡಿಕೊಳ್ಳುವುದು.

ಈ ದೀಪವನ್ನೂ ಕೆಲಸಕ್ಕೆ ಹಚ್ಚಿದವರು ಹೊರಗೆ ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಲೌಡ್‌ಫ್ಲೇರ್ ಎಂಬ ಕಂಪನಿ ಕಚೇರಿಯ ಗೋಡೆ ತುಂಬ ಲಾವಾ ಲ್ಯಾಂಪುಗಳನ್ನು ಸಾಲಾಗಿ ಇಟ್ಟು ಕ್ಯಾಮೆರಾದಲ್ಲಿ ಹಿಡಿಯುತ್ತದೆ. ಯಾವ ಮುದ್ದೆ ಯಾವಾಗ ಎಲ್ಲಿ ತೇಲುತ್ತದೆ ಎಂದು ಯಾರೂ ಮುಂದಾಗಿ ಹೇಳಲಾರರಾದ್ದರಿಂದ, ಇಂಟರ್‌ನೆಟ್ಟಿನ ಗುಟ್ಟುಗಳನ್ನು ಕಾಪಾಡಲು ಬೇಕಾದ ಅಂಕಿಗಳಿಗೆ ಆ ಚಿತ್ರಗಳನ್ನು ಬಳಸುತ್ತದೆ. ಅಕ್ಕ ಹಚ್ಚಿದ ಕೆಲಸ ಇದಕ್ಕಿಂತ ನೇರ. ಆಷಾಢದಲ್ಲಿ ನಮ್ಮ ಕಡೆ ಉಪ್ಪು ನೀರಾಗುತ್ತದೆ, ಕಡ್ಡಿಪೆಟ್ಟಿಗೆ ಗೀರಿದರೆ ಮದ್ದು ಮೆತ್ತಗೆ ಕಿತ್ತುಬರುತ್ತದೆ. ಸೀಸೆಯ ನೆತ್ತಿಯ ಮುಚ್ಚಳ ಬೆಚ್ಚಗಿರುವುದು ಅವಳ ಕೈಗೆ ಹತ್ತಿದ್ದೇ ತಡ, ಕಡ್ಡಿಪೆಟ್ಟಿಗೆ ಅದರ ಮೇಲೆ ಹೋಗಿ ಕೂತಿತು. ಅಂದಿನಿಂದ ಲಾವಾ ಲ್ಯಾಂಪ್ ಜಗುಲಿ ಬಿಟ್ಟು ಅಡುಗೆಮನೆ ಸೇರಿದೆ.

ಬಣ್ಣದ ಎಲ್‌ಇಡಿ ಪಟ್ಟಿಯ ಕಥೆಯೂ ಅದೇ. ನೀಲಿ ಬೆಳಕಿನ ಎಲ್‌ಇಡಿ ಮಾಡಲು ಅಕಾಸಾಕಿ, ಅಮಾನೊ, ನಾಕಾಮುರಾ ವರ್ಷಾನುಗಟ್ಟಲೆ ತಲೆ ಚಚ್ಚಿಕೊಂಡರು, 2014ರಲ್ಲಿ ಅದಕ್ಕೆ ನೊಬೆಲ್ ಬಂತು. ಅದಿಲ್ಲದೆ ಬಿಳಿ ಎಲ್‌ಇಡಿಯೂ ಇಲ್ಲ, ಬಣ್ಣಬಣ್ಣದ ಪಟ್ಟಿಯೂ ಇಲ್ಲ. ಅಳಿಯ ಅದನ್ನು ಟಿ.ವಿ.ಯ ಹಿಂದೆ ಅಂಟಿಸಿ ಹೋದ. ಎಮ್ಮೆ ಕರು ಹಾಕುವ ದಿನ ಹತ್ತಿರ ಬಂದಾಗ ಭಾವ ಪಟ್ಟಿಯನ್ನು ಕಿತ್ತು ಕೊಟ್ಟಿಗೆಯ ತೊಲೆಗೆ ಸುತ್ತಿದರು. ಕರು ಹುಟ್ಟಿದ್ದು ನೀಲಿ ಬೆಳಕಿನಲ್ಲಿ. ಅಂಟು ಕಿತ್ತ ಗುರುತು ಟಿ.ವಿ.ಯ ಬೆನ್ನಿನ ಮೇಲೆ ಹಾಗೇ ಇದೆ. ತಿರುಗುವ ಡಿಸ್ಕೊ ಬಲ್ಬು ಭಾವನ ತಮ್ಮನ ಮೆಕ್ಕೆಜೋಳದ ಹೊಲಕ್ಕೆ ಹಂದಿ ಕಾಯಲು ಹೋಯಿತು. ಮೊದಮೊದಲು ಕೆಂಪು ಹಸಿರು ಚುಕ್ಕೆಗಳು ತಮ್ಮ ಮೈಮೇಲೆ ಹರಿದಾಡಿದ್ದಕ್ಕೆ ಹಂದಿಗಳು ದಿಕ್ಕಾಪಾಲಾದವು. ಆಮೇಲೆ ಇದು ಕಚ್ಚುವುದಿಲ್ಲ ಎಂದು ತಿಳಿದು, ಆ ಬೆಳಕಿನಲ್ಲೇ ನಿಶ್ಚಿಂತೆಯಾಗಿ ತೆನೆ ಮುರಿದವು. ನಮ್ಮ ಎರಡೂ ತಾಲ್ಲೂಕಿನಲ್ಲಿ ನಿಜವಾದ ಡಿಸ್ಕೊ ನೋಡಿದವರು ಯಾರಾದರೂ ಇದ್ದರೆ ಆ ಹಂದಿಗಳೇ. ಚಿಕ್ಕಪ್ಪನ ಕ್ಯಾಸೆಟ್ಟುಗಳು ಅದಕ್ಕೂ ಮುಂಚೆಯೇ ಗದ್ದೆಗೆ ಹೋಗಿದ್ದವು: ಟೇಪು ಎಳೆದು ಗೂಟದಿಂದ ಗೂಟಕ್ಕೆ ಕಟ್ಟಿದರೆ ಗಾಳಿಗೆ ಅದು ಹೊಳೆದು ಗುಂಯ್‌ಗುಡುತ್ತದೆ, ಹಕ್ಕಿ ಹತ್ತಿರ ಬರುವುದಿಲ್ಲ.

ಹೋದ ದೀಪಾವಳಿಗೆ ಅಳಿಯ ತಂದದ್ದು ನೀರಿನ ಹಣತೆ. ಪ್ಲಾಸ್ಟಿಕ್ಕಿನ ಹಣತೆ, ತುದಿಯಲ್ಲಿ ಜ್ವಾಲೆಯ ಆಕಾರದ ಪುಟಾಣಿ ಎಲ್‌ಇಡಿ, ಅಡಿಯಲ್ಲಿ ಸೆಲ್ಲು. ಒಳಗಡೆ ಎರಡು ಲೋಹದ ಚುಕ್ಕೆಗಳಿರುತ್ತವೆ. ನೀರು ಹಾಕಿದರೆ ಅವುಗಳ ನಡುವೆ ಚೂರು ಕರೆಂಟು ಹರಿದು ದೀಪ ಹತ್ತುತ್ತದೆ, ಚೆಲ್ಲಿದರೆ ಆರುತ್ತದೆ. ಅಕ್ಕ ಕಟ್ಟೆಯ ಉದ್ದಕ್ಕೂ ಅವನ್ನು ಸಾಲಾಗಿಟ್ಟು ತಂಬಿಗೆಯಿಂದ ನೀರೆರೆಯುತ್ತ ಬಂದಳು. ಬಲಿಪಾಡ್ಯಮಿಯ ರಾತ್ರಿ ಅಂಟಿಗೆ ಪಂಟಿಗೆಯವರು ಬಂದದ್ದು ಇದೇ ಕಟ್ಟೆಗೆ. ಊರ ದೇವರ ಮುಂದೆ ಹಚ್ಚಿದ ದೀಪವನ್ನು ಆರದಂತೆ ಮರೆಮಾಡಿಕೊಂಡು ಮನೆಯಿಂದ ಮನೆಗೆ ಹಾಡುತ್ತ ಬರುವವರು ಅವರು. ಮನೆಯಾಕೆ ಅವರ ದೀಪಕ್ಕೆ ಎಣ್ಣೆ ಎರೆಯಬೇಕು, ಅದರಿಂದ ತನ್ನ ದೀಪ ಹಚ್ಚಿಕೊಳ್ಳಬೇಕು. ಹಾಡು ಮುಗಿಸಿದ ಮುಂದಾಳು ದೀಪ ಹಿಡಿದು ಕಟ್ಟೆಯ ಹತ್ತಿರ ಬಂದು, ಯಾವುದಕ್ಕೆ ತಾಗಿಸುವುದೆಂದು ತಿಳಿಯದೆ ನಿಂತ.

"ಇದೆಂತದು ಅಮ್ಮಾ, ಬತ್ತಿನೇ ಇಲ್ಲ?"

"ಅದು ನೀರಿಂದು. ನಿಂತ್ಕ, ಮಣ್ಣಿಂದು ತರ್ತೀನಿ" ಎಂದು ಅಕ್ಕ ಒಳಗೋಡಿದಳು.

ಅವಳು ಬರುವಷ್ಟರಲ್ಲಿ ಮೇಳದ ಹಿರಿಯರೊಬ್ಬರು ಒಂದು ಹಣತೆಯ ನೀರು ಚೆಲ್ಲಿ, ಒರೆಸಿ, ದೀಪಕ್ಕೆ ಎಣ್ಣೆಯೇ ಶಾಸ್ತ್ರ ಎಂದು ಎಣ್ಣೆ ಹೊಯ್ದರು. ಹತ್ತಲಿಲ್ಲ. ಎಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲವೆಂದು ಅಳಿಯ ವಿವರಿಸಲು ಹೋದ, ಯಾರು ಕೇಳುತ್ತಾರೆ? ಎಣ್ಣೆ ಒಲ್ಲದ ದೀಪ ಎಂಬ ಸುದ್ದಿ ಅಕ್ಕಪಕ್ಕದ ಅಂಗಳಗಳಿಗೆ ಹೋಗಿ ಜನ ಕೂಡಿದರು. ಮಜ್ಜಿಗೆ ಹಾಕಿದರು, ಹತ್ತಿತು. ಕಾಫಿ ಹಾಕಿದರು, ಹತ್ತಿತು. ಶುಂಠಿ ಕಷಾಯಕ್ಕೂ ಹತ್ತಿತು, ಈ ವರ್ಷ ಶುಂಠಿಯಿಂದ ಆದ ಉಪಕಾರ ಇದೊಂದೇ ಎಂದರು ಯಾರೋ. ಡೇರಿಗೆ ಹಾಲು ಹಾಕುವವರೊಬ್ಬರು ನೀರು ಬೆರೆಸಿದ ಹಾಲನ್ನು ಇದು ಹಿಡಿದುಕೊಡುತ್ತದೆಯೇ ಎಂದು ಸ್ವಲ್ಪ ಆತಂಕದಿಂದಲೇ ವಿಚಾರಿಸಿದರು. ಗಟ್ಟಿ ಹಾಲು ಹಾಕಿ ನೋಡಿದರು, ನೀರು ಹಾಲು ಹಾಕಿ ನೋಡಿದರು, ಎರಡಕ್ಕೂ ಒಂದೇ ಬೆಳಕು. ಅವರಿಗೆ ಸಮಾಧಾನವಾಯಿತು. ಅಕ್ಕ ಮಣ್ಣಿನ ಹಣತೆ ಹಚ್ಚಿಕೊಂಡು, ಅಕ್ಕಿ ಕಾಯಿ ಕೊಟ್ಟು ಕಳಿಸುವಷ್ಟರಲ್ಲಿ ಮೇಳಕ್ಕೆ ಮುಂದಿನ ಮನೆಗಳು ತಡವಾಗಿದ್ದವು.

ಭಾವ ಮಾತ್ರ ಇಷ್ಟೂ ಹೊತ್ತು ಸುಮ್ಮನೆ ನಿಂತಿದ್ದರು. ಅವರು ಸುಮ್ಮನಿದ್ದರೆ ಯಾವುದೋ ವಸ್ತುವಿನ ನಿವೃತ್ತಿ ಮುಗಿಯಿತೆಂದೇ ಲೆಕ್ಕ. ಮಾರನೆಯ ಬೆಳಗ್ಗೆ ಒಂದು ಹಣತೆ ತಾರಸಿಯ ಮೇಲಿನ ಸಿಂಟೆಕ್ಸ್ ಟ್ಯಾಂಕಿನೊಳಗೆ, ಬಾಯಿಯಿಂದ ಗೇಣು ಕೆಳಗೆ, ತಂತಿಯಲ್ಲಿ ನೇತಾಡುತ್ತಿತ್ತು. ಮೋಟರು ಹಾಕಿ ಮರೆತು ನೀರು ಅಂಗಳಕ್ಕೆ ಹರಿಯುವುದು ಇನ್ನು ತಪ್ಪಿತು ಎಂದು ಭಾವ ನನ್ನನ್ನು ಕರೆದು ತೋರಿಸಿದರು. ಟ್ಯಾಂಕು ತುಂಬಿದ ಕೂಡಲೇ ದೀಪ ಹತ್ತುತ್ತದೆ. ಹತ್ತಿತೋ ಇಲ್ಲವೋ ಎಂದು ನೋಡಲು ಏಣಿ ಹತ್ತಬೇಕು.